ಸೂರ್ಯನ ಒಡಲಲ್ಲಿ ಶಕ್ತಿ ಹುಟ್ಟುವ ಬಗೆ: ಬಿಸಿಲ ನಾಡಿನಲ್ಲಿ ಪದೇ ಪದೇ ಕೇಳಿಬಂದ ಪ್ರಶ್ನೆಗಳು

ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳ ಶಾಲೆಗಳಲ್ಲಿ, ಊರ ಕಟ್ಟೆಗಳ ಮೇಲೆ, ಗ್ರಹಣದ ದಿನ ಬಯಲಿನಲ್ಲಿ ಜನರ ಜೊತೆ ನಿಂತಾಗ ನನ್ನನ್ನು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿದ್ದೇನೆ. ಕೆಲವು ಪತ್ರದಲ್ಲಿ ಬಂದವು, ಹೆಚ್ಚಿನವು ಬಾಯಿಮಾತಿನವು. ಕೇಳಿದವರ ಮಾತನ್ನು ನಾನು ತಿದ್ದಿಲ್ಲ. ಮೊದಲು ಸರಳವಾದವು ಬರುತ್ತವೆ, ಕಠಿಣವಾದವು ಕೊನೆಯಲ್ಲಿವೆ. ಯಾವ ಉತ್ತರವನ್ನಾದರೂ ಬಿಡಿಯಾಗಿ ಓದಿಕೊಳ್ಳಬಹುದು.

## ಮೊದಲ ಪ್ರಶ್ನೆಗಳು

ಮ್ಯಾಲ ಗಾಳಿನೇ ಇಲ್ಲ ಅಂತೀರಿ, ಹಂಗಿದ್ರ ಸೂರ್ಯಾ ಹ್ಯಾಂಗ ಉರೀತಾನ್ರಿ ಸರ್?

ನಾನು ಹೋದ ಊರುಗಳಲ್ಲೆಲ್ಲ ಯಾರಾದರೂ ಒಬ್ಬರು ಈ ಪ್ರಶ್ನೆಯನ್ನು ಕೇಳಿದ್ದಾರೆ, ಮತ್ತು ಇದು ನಿಜಕ್ಕೂ ಒಳ್ಳೆಯ ಪ್ರಶ್ನೆ. ಒಲೆಯಲ್ಲಿ ತೊಗರಿಕಟ್ಟಿಗೆ ಉರಿಯಬೇಕಾದರೆ ಗಾಳಿಯಲ್ಲಿರುವ ಆಕ್ಸಿಜನ್ ಅದರ ಜೊತೆ ಸೇರಬೇಕು. ಗಾಳಿ ತಡೆದರೆ ಬೆಂಕಿ ನಂದುತ್ತದೆ. ಸೂರ್ಯನಲ್ಲಿ ನಡೆಯುವುದು ಆ ಬಗೆಯ ಉರಿಯಲ್ಲ. ಕಟ್ಟಿಗೆ ಉರಿಯುವಾಗ ಪರಮಾಣುಗಳು ತಮ್ಮ ಹೊರಗಿನ ಎಲೆಕ್ಟ್ರಾನುಗಳನ್ನು ಹಂಚಿಕೊಳ್ಳುವ ರೀತಿಯಷ್ಟೇ ಬದಲಾಗುತ್ತದೆ, ಅವುಗಳ ಒಳಗಿನ ಬೀಜ ಹಾಗೆಯೇ ಉಳಿಯುತ್ತದೆ. ಸೂರ್ಯನ ತಿರುಳಿನಲ್ಲಿ ಆ ಬೀಜಗಳೇ ಒಂದಕ್ಕೊಂದು ಬೆಸೆದು ಹೊಸ ಮೂಲವಸ್ತುವಾಗುತ್ತವೆ. ಹೈಡ್ರೋಜನ್ ಬೀಜಗಳು ಸೇರಿ ಹೀಲಿಯಂ ಆಗುವ ಈ ಕ್ರಿಯೆಗೆ ಬೈಜಿಕ ಸಮ್ಮಿಲನ ಎಂದು ಹೆಸರು. ಅದಕ್ಕೆ ಗಾಳಿ ಬೇಡ.

ಸೂರ್ಯ ಬೆಂಕಿಯ ಉಂಡೆಯಲ್ಲದಿದ್ದರೆ ಯಾವುದರಿಂದ ಆಗಿದ್ದಾನೆ?

ತೂಕದ ಲೆಕ್ಕದಲ್ಲಿ ಹೊರಭಾಗದ ಮುಕ್ಕಾಲು ಪಾಲು ಹೈಡ್ರೋಜನ್, ಉಳಿದುದರಲ್ಲಿ ಬಹುಪಾಲು ಹೀಲಿಯಂ. ಕಾರ್ಬನ್, ಆಕ್ಸಿಜನ್, ಕಬ್ಬಿಣ ಮೊದಲಾದವೆಲ್ಲ ಕೂಡಿದರೂ ಶೇ 2 ದಾಟುವುದಿಲ್ಲ. ಅಲ್ಲಿನ ಕಾವಿನಲ್ಲಿ ಎಲೆಕ್ಟ್ರಾನುಗಳು ಪರಮಾಣುಗಳಿಂದ ಬೇರ್ಪಟ್ಟಿರುತ್ತವೆ. ಇಂಥ ಸ್ಥಿತಿಯನ್ನು ಪ್ಲಾಸ್ಮಾ ಎನ್ನುತ್ತಾರೆ.

ಇದನ್ನು ತಿಳಿದ ದಾರಿಯಲ್ಲಿ ನಮ್ಮ ದೇಶದವರೊಬ್ಬರ ಹೆಜ್ಜೆಯೂ ಇದೆ. ಯಾವ ಕಾವಿಗೆ ಎಷ್ಟು ಪರಮಾಣುಗಳು ಎಲೆಕ್ಟ್ರಾನು ಕಳೆದುಕೊಳ್ಳುತ್ತವೆ ಎಂಬ ಸಮೀಕರಣವನ್ನು 1920ರಲ್ಲಿ ಮೇಘನಾದ ಸಾಹಾ ಪ್ರಕಟಿಸಿದರು. ಅದನ್ನೇ ಬಳಸಿ 1925ರಲ್ಲಿ ಸಿಸಿಲಿಯಾ ಪೇನ್ ಎಂಬ ತರುಣಿ, ನಕ್ಷತ್ರಗಳಲ್ಲಿ ಎಲ್ಲಕ್ಕಿಂತ ಹೆಚ್ಚಾಗಿರುವುದು ಹೈಡ್ರೋಜನ್ ಎಂದು ತೋರಿಸಿದರು. ಆ ಕಾಲದ ಹಿರಿಯ ವಿಜ್ಞಾನಿಗಳು ಮೊದಲು ಅದನ್ನು ಒಪ್ಪಲಿಲ್ಲ, ಕೆಲವೇ ವರ್ಷಗಳಲ್ಲಿ ಒಪ್ಪಬೇಕಾಯಿತು.

ನಮ್ಮ ಕಡಿ ಬ್ಯಾಸಗ್ಯಾಗ ಇಷ್ಟು ಬಿಸಲು ಯಾಕ? ಆಗ ಸೂರ್ಯಾ ಹೆಚ್ಚು ಶಕ್ತಿ ಬಿಡ್ತಾನೇನು?

ಇಲ್ಲ. ಸೂರ್ಯನ ಮೈಮೇಲಿನ ಕಪ್ಪು ಕಲೆಗಳು ಏರಿಳಿಯುವ ಸುಮಾರು 11 ವರ್ಷಗಳ ಚಕ್ರದಲ್ಲಿ ಅವನ ಒಟ್ಟು ಹೊಳಪು ಹೆಚ್ಚುಕಡಿಮೆಯಾಗುವುದು ಶೇ 0.1ರಷ್ಟು ಮಾತ್ರ. ಭೂಮಿಯು ಸೂರ್ಯನಿಗೆ ಎಲ್ಲಕ್ಕಿಂತ ಹತ್ತಿರವಾಗುವುದು ಜನವರಿಯ ಮೊದಲ ವಾರದಲ್ಲಿ, ಅಂದರೆ ಬೀದರಿನ ಜನ ಮುಂಜಾನೆ ಬೆಂಕಿ ಕಾಸುತ್ತ ಕೂರುವ ದಿನಗಳಲ್ಲಿ.

ನಮ್ಮ ಬೇಸಗೆಗೆ ಕಾರಣ ಬಿಸಿಲು ಬೀಳುವ ಕೋನ. ಕಲಬುರಗಿ 17.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಮೇ 9 ಅಥವಾ 10ರ ಹೊತ್ತಿಗೆ, ಮಧ್ಯಾಹ್ನ 12 ಗಂಟೆ 20 ನಿಮಿಷದ ಸುಮಾರಿಗೆ ಸೂರ್ಯ ನೆತ್ತಿಗೆ ನೇರವಾಗಿ ಬರುತ್ತಾನೆ, ನೆಟ್ಟ ಕಂಬದ ನೆರಳು ಅದರ ಬುಡದಲ್ಲೇ ಅಡಗುತ್ತದೆ. ಆಗ ಮೋಡವಿರುವುದಿಲ್ಲ, ರಾಶಿ ಮುಗಿದು ಬರಿದಾದ ಎರೆಭೂಮಿ ಬಿಸಿಲನ್ನು ಹೀರಿಕೊಳ್ಳುತ್ತದೆ, ನೆಲದಲ್ಲಿ ಆವಿಯಾಗಲು ನೀರೂ ಉಳಿದಿರುವುದಿಲ್ಲ. ಆಗಸ್ಟ್ ಮೊದಲ ವಾರದಲ್ಲಿ ಸೂರ್ಯ ಮತ್ತೊಮ್ಮೆ ನೆತ್ತಿಯ ಮೇಲೆ ಹಾಯುತ್ತಾನೆ. ಮೋಡ ಮತ್ತು ಹಸಿ ನೆಲದ ದೆಸೆಯಿಂದ ಅದು ನಮ್ಮ ಗಮನಕ್ಕೆ ಬರುವುದಿಲ್ಲ.

ಒಂದು ಸೆಕೆಂಡಿಗೆ ಎಷ್ಟು ಇಂಧನ ಖರ್ಚಾಗುತ್ತದೆ?

ಪ್ರತಿ ಸೆಕೆಂಡಿಗೆ ಸುಮಾರು 60 ಕೋಟಿ ಟನ್ ಹೈಡ್ರೋಜನ್ ಹೀಲಿಯಂ ಆಗುತ್ತದೆ. ಅದರಲ್ಲಿ 40 ಲಕ್ಷಕ್ಕೂ ಸ್ವಲ್ಪ ಹೆಚ್ಚು ಟನ್ ದ್ರವ್ಯ ಶಕ್ತಿಯಾಗಿ ಹೊರಬೀಳುತ್ತದೆ. ಕೇಳಿದವರು ಇಲ್ಲಿ ಗಾಬರಿಯಾಗುತ್ತಾರೆ, ಆದರೆ ಸೂರ್ಯನ ದ್ರವ್ಯರಾಶಿ ಭೂಮಿಯ 3.33 ಲಕ್ಷ ಪಟ್ಟು ಇದೆ. ಹುಟ್ಟಿದಂದಿನಿಂದ ಇಂದಿನವರೆಗೆ ಬೆಳಕಾಗಿ ಅವನು ಕಳೆದುಕೊಂಡದ್ದು ಒಟ್ಟಿನ ಶೇ 0.03ರ ಆಸುಪಾಸು. ಹೀಗೆ ಎಲ್ಲ ದಿಕ್ಕಿಗೂ ಹರಡುವ ಶಕ್ತಿಯಲ್ಲಿ ಭೂಮಿಗೆ ಬೀಳುವುದು ಸುಮಾರು 220 ಕೋಟಿಯಲ್ಲಿ ಒಂದು ಪಾಲು. ನಮ್ಮ ಹೊಲಗಳ ಬೆಳೆ, ಹೊಳೆಗಳ ನೀರು, ಮುಂಗಾರಿನ ಮೋಡ ಎಲ್ಲವೂ ಆ ಒಂದು ಪಾಲಿನಲ್ಲಿ ನಡೆಯುತ್ತಿವೆ.

## ತಿರುಳಿನ ಒಳಗೆ

ಹೈಡ್ರೋಜನ್ ಹೀಲಿಯಂ ಆದರೆ ಶಕ್ತಿ ಏಕೆ ಹೊರಬರಬೇಕು?

ತೂಕ ತಾಳೆಯಾಗುವುದಿಲ್ಲ ಎಂಬುದೇ ಉತ್ತರ. ಪರಮಾಣುಗಳನ್ನು ತೂಗುವ ಅಳತೆಯಲ್ಲಿ ನಾಲ್ಕು ಹೈಡ್ರೋಜನ್ ಪರಮಾಣುಗಳು ಕೂಡಿ 4.031 ತೂಗುತ್ತವೆ, ಅವುಗಳಿಂದಾದ ಒಂದು ಹೀಲಿಯಂ ಪರಮಾಣು 4.003 ಮಾತ್ರ ತೂಗುತ್ತದೆ. ಹೀಲಿಯಂ ಬೀಜದ ಕಣಗಳು ಒಂದನ್ನೊಂದು ಬಿಗಿಯಾಗಿ ಹಿಡಿದಿರುವುದರಿಂದ ಅವುಗಳ ಒಟ್ಟು ಶಕ್ತಿ ಬಿಡಿಯಾಗಿದ್ದಾಗಿನದಕ್ಕಿಂತ ಕಡಿಮೆ, ಶಕ್ತಿ ಕಡಿಮೆಯಾದಷ್ಟು ತೂಕವೂ ಕಡಿಮೆ. ಈ ಕೊರತೆ ಶೇ 0.7ರಷ್ಟು. ಒಂದು ಕಿಲೋ ಹೈಡ್ರೋಜನ್ ಪೂರ್ತಿ ಬೆಸೆದರೆ 7 ಗ್ರಾಂ ಕಾಣೆಯಾಗುತ್ತದೆ, ಮತ್ತು ಐನ್‌ಸ್ಟೈನರ ಸೂತ್ರದ ಪ್ರಕಾರ ಆ 7 ಗ್ರಾಮಿನಿಂದ ಬರುವ ಶಕ್ತಿ ಸುಮಾರು 20 ಸಾವಿರ ಟನ್ ಒಳ್ಳೆಯ ಕಲ್ಲಿದ್ದಲನ್ನು ಸುಟ್ಟಾಗ ಸಿಗುವಷ್ಟು.

ಹೀಲಿಯಂ ಹಗುರವೆಂಬುದನ್ನು ಫ್ರಾನ್ಸಿಸ್ ಆಸ್ಟನ್ ಅಳೆದು ತೋರಿಸಿದ ಬೆನ್ನಲ್ಲೇ, 1920ರಲ್ಲಿ ಆರ್ಥರ್ ಎಡಿಂಗ್ಟನ್ ಇದೇ ನಕ್ಷತ್ರಗಳ ಶಕ್ತಿಯ ಮೂಲವಿರಬಹುದು ಎಂದರು.

ನಾಲ್ಕು ಪ್ರೋಟಾನು ಒಮ್ಮೆಲೇ ಕೂಡತಾವೇನ್ರಿ?

ಕೂಡುವುದಿಲ್ಲ. ಪ್ರೋಟಾನು ಎಂದರೆ ಹೈಡ್ರೋಜನ್ ಬೀಜವೇ. ಅಂಥ ನಾಲ್ಕು ಕಣಗಳು ಒಂದೇ ಗಳಿಗೆಯಲ್ಲಿ ಒಂದೇ ಬಿಂದುವಿಗೆ ಬಂದು ಬೆಸೆಯುವುದು ಎಷ್ಟು ಅಪರೂಪವೆಂದರೆ ಅದನ್ನು ಲೆಕ್ಕಕ್ಕೇ ಹಿಡಿಯಬೇಕಾಗಿಲ್ಲ. ಕೆಲಸ ಮೂರು ಹಂತಗಳಲ್ಲಿ ನಡೆಯುತ್ತದೆ.

ಮೊದಲ ಹಂತದಲ್ಲಿ ಎರಡು ಪ್ರೋಟಾನುಗಳು ಸೇರುತ್ತವೆ. ಆದರೆ ಬರೀ ಎರಡು ಪ್ರೋಟಾನುಗಳ ಬೀಜ ನಿಲ್ಲಲಾರದು. ಅವು ಹತ್ತಿರ ಬಂದ ಆ ಕ್ಷಣದಲ್ಲೇ ಒಂದು ಪ್ರೋಟಾನು ವಿದ್ಯುದಂಶವಿಲ್ಲದ ನ್ಯೂಟ್ರಾನಾಗಿ ಬದಲಾಗಬೇಕು. ಹಾಗಾದಾಗ ಭಾರವಾದ ಹೈಡ್ರೋಜನ್, ಅಂದರೆ ಡ್ಯೂಟೀರಿಯಂ ಹುಟ್ಟಿ, ಒಂದು ಪಾಸಿಟ್ರಾನು (ಧನ ವಿದ್ಯುದಂಶದ ಎಲೆಕ್ಟ್ರಾನು) ಮತ್ತು ಒಂದು ನ್ಯೂಟ್ರಿನೋ (ಬಹುಪಾಲು ಯಾವುದಕ್ಕೂ ತಾಗದೆ ಹಾದುಹೋಗುವ ಸಣ್ಣ ಕಣ) ಹೊರಹಾರುತ್ತವೆ. ಪ್ರೋಟಾನನ್ನು ನ್ಯೂಟ್ರಾನಾಗಿಸುವ ಬಲ ಬಹಳ ದುರ್ಬಲ. ಆದ್ದರಿಂದ ತಿರುಳಿನಲ್ಲಿರುವ ಒಂದು ಪ್ರೋಟಾನು ಸೆಕೆಂಡಿಗೆ ಲೆಕ್ಕವಿಲ್ಲದಷ್ಟು ಸಲ ಉಳಿದವುಗಳಿಗೆ ಡಿಕ್ಕಿ ಹೊಡೆಯುತ್ತಿದ್ದರೂ, ಹೀಗೆ ಜೋಡಿಯಾಗಲು ಸರಾಸರಿ ಸುಮಾರು 1,000 ಕೋಟಿ ವರ್ಷ ಕಾಯುತ್ತದೆ.

ಎರಡನೆಯ ಹಂತಕ್ಕೆ ಕೆಲವೇ ಸೆಕೆಂಡು ಸಾಕು: ಡ್ಯೂಟೀರಿಯಂ ಇನ್ನೊಂದು ಪ್ರೋಟಾನನ್ನು ಸೇರಿಸಿಕೊಂಡು ಹಗುರ ಬಗೆಯ ಹೀಲಿಯಂ ಆಗುತ್ತದೆ. ಮೂರನೆಯ ಹಂತದಲ್ಲಿ, ಹೆಚ್ಚಿನ ಸಲ, ಅಂಥ ಎರಡು ಹಗುರ ಹೀಲಿಯಂ ಬೀಜಗಳು ಸೇರಿ ಸಾಮಾನ್ಯ ಹೀಲಿಯಂ ಆಗಿ ಎರಡು ಪ್ರೋಟಾನುಗಳನ್ನು ಮರಳಿ ಬಿಡುತ್ತವೆ. ಇಡೀ ಸರಪಳಿಯ ವೇಗವನ್ನು ನಿರ್ಧರಿಸುವುದು ಮೊದಲ ಹಂತದ ಆ ಅಗಾಧ ವಿಳಂಬ. ಸೂರ್ಯನ ವಿಷಯದಲ್ಲಿ ನೆನಪಿಡಬೇಕಾದ ಒಂದೇ ಮಾತನ್ನು ಆರಿಸು ಎಂದರೆ ನಾನು ಇದನ್ನೇ ಆರಿಸುತ್ತೇನೆ.

1.5 ಕೋಟಿ ಡಿಗ್ರಿ ಶಾಖವೂ ಬೆಸೆಯಲು ಸಾಲದು ಎಂದು ಓದಿದೆ. ಹಾಗಿದ್ದರೆ ಬೆಸುಗೆ ಆಗುವುದು ಹೇಗೆ?

ಓದಿದ್ದು ಸರಿಯಾಗಿದೆ. ಎರಡು ಪ್ರೋಟಾನುಗಳೂ ಧನ ವಿದ್ಯುದಂಶದವು, ಒಂದನ್ನೊಂದು ತಳ್ಳುತ್ತವೆ. ಆ ತಳ್ಳಾಟದ ಗೋಡೆಯನ್ನು ಹತ್ತಿ ದಾಟುವಷ್ಟು ವೇಗ ಬರಬೇಕಾದರೆ ತಿರುಳು ಈಗಿರುವುದಕ್ಕಿಂತ ನೂರಾರು ಪಟ್ಟು ಬಿಸಿಯಾಗಿರಬೇಕಿತ್ತು. ಆದರೆ ಇಷ್ಟು ಸಣ್ಣ ಕಣಗಳು ಕಲ್ಲುಗುಂಡಿನಂತೆ ಒಂದೇ ಜಾಗದಲ್ಲಿ ಇರುವುದಿಲ್ಲ. ಅವು ಅಲೆಯಂತೆ ಹರಡಿಕೊಂಡಿರುತ್ತವೆ, ಆ ಅಲೆಯ ತುಸು ಅಂಚು ಗೋಡೆಯ ಆಚೆಗೂ ಇರುತ್ತದೆ. ಹೀಗಾಗಿ ಬಹಳ ಅಪರೂಪಕ್ಕೊಮ್ಮೆ ಕಣವು ಗೋಡೆಯನ್ನು ಹತ್ತದೆಯೇ ಆಚೆ ಕಾಣಿಸಿಕೊಳ್ಳುತ್ತದೆ. ಇದನ್ನು ಕ್ವಾಂಟಂ ಸುರಂಗ ಪರಿಣಾಮ ಎನ್ನುತ್ತಾರೆ.

1928ರಲ್ಲಿ ಜಾರ್ಜ್ ಗ್ಯಾಮೊ ಈ ವಿಚಾರವನ್ನು ಪರಮಾಣು ಬೀಜಗಳಿಗೆ ಅನ್ವಯಿಸಿದರು. ಮರುವರ್ಷ ಅಟ್ಕಿನ್ಸನ್ ಮತ್ತು ಹೌಟರ್‌ಮಾನ್ಸ್ ಅದನ್ನು ನಕ್ಷತ್ರಗಳ ಒಡಲಿಗೆ ಅನ್ವಯಿಸಿದರು. ಸರಪಳಿಯ ಹಂತಗಳನ್ನು 1938–39ರಲ್ಲಿ ವಿವರವಾಗಿ ಬಿಡಿಸಿಟ್ಟ ಹಾನ್ಸ್ ಬೆಥೆ ಅವರಿಗೆ 1967ರಲ್ಲಿ ನೊಬೆಲ್ ಪ್ರಶಸ್ತಿ ಬಂದಿತು.

ಸೂರ್ಯ ದೊಡ್ಡ ಹೈಡ್ರೋಜನ್ ಬಾಂಬ್ ಅಂತಾರ. ಮತ್ತ ಒಮ್ಮೆಲೇ ಯಾಕ ಸಿಡಿಯಂಗಿಲ್ಲ?

ಈ ಹೋಲಿಕೆಯನ್ನು ಪಾಠ ಹೇಳುವವರು ಕೈಬಿಟ್ಟರೆ ಒಳ್ಳೆಯದೆಂದು ನನಗೆ ಬಲವಾಗಿ ಅನ್ನಿಸುತ್ತದೆ. ಬಾಂಬಿನಲ್ಲಿ ಬೆಸೆಯುವುದು ಡ್ಯೂಟೀರಿಯಂ ಮತ್ತು ಅದಕ್ಕಿಂತಲೂ ಭಾರವಾದ ಹೈಡ್ರೋಜನ್ ಬಗೆಯಾದ ಟ್ರಿಟಿಯಂ. ಅವುಗಳ ಬೆಸುಗೆಯಲ್ಲಿ ಪ್ರೋಟಾನು ನ್ಯೂಟ್ರಾನಾಗಬೇಕಾದ ಆ ನಿಧಾನದ ಹೆಜ್ಜೆಯೇ ಇಲ್ಲ.

ಸೂರ್ಯನ ನಿಧಾನವನ್ನು ಅಳೆಯಲು ಹೊಲದ ಮೂಲೆಯ ತಿಪ್ಪೆಯನ್ನು ನೋಡಬೇಕು. ಸೂರ್ಯನ ನಟ್ಟನಡುವೆ, ಶಕ್ತಿ ಎಲ್ಲಕ್ಕಿಂತ ಹೆಚ್ಚು ಹುಟ್ಟುವ ಜಾಗದಲ್ಲಿ, ಒಂದು ಘನ ಮೀಟರಿಗೆ ಸಿಗುವುದು ಸುಮಾರು 275 ವಾಟ್ ಮಾತ್ರ. ಚೆನ್ನಾಗಿ ಕಳಿಯುತ್ತಿರುವ, ಕೈಯಿಟ್ಟರೆ ಬಿಸಿ ತಾಗುವ ಗೊಬ್ಬರದ ರಾಶಿಯೂ ಇದೇ ಮಟ್ಟದ ಶಾಖವನ್ನು ಕೊಡಬಲ್ಲದು. ಇಡೀ ಸೂರ್ಯನ ಸರಾಸರಿ ತೆಗೆದರೆ ಒಂದು ಟನ್ ದ್ರವ್ಯದಿಂದ 0.19 ವಾಟ್, ಮನೆಯ 9 ವಾಟಿನ ಎಲ್‌ಇಡಿ ಬಲ್ಬ್ ಒಂದನ್ನು ಬೆಳಗಿಸಲು ಸುಮಾರು 47 ಟನ್ ಸೂರ್ಯ ಬೇಕು. ತೂಕಕ್ಕೆ ತೂಕ ಹೋಲಿಸಿದರೆ, ಸುಮ್ಮನೆ ಕುಳಿತ ಮನುಷ್ಯನ ಮೈ ಸೂರ್ಯನಿಗಿಂತ ಸಾವಿರಾರು ಪಟ್ಟು ಹೆಚ್ಚು ಶಾಖ ಬಿಡುತ್ತದೆ. ಸೂರ್ಯ ಪ್ರಖರನಾಗಿರುವುದು ಅವನ ಗಾತ್ರದಿಂದ. ಒಳಗೆ ಹುಟ್ಟಿದ ಅಲ್ಪಸ್ವಲ್ಪ ಶಾಖವೆಲ್ಲ ಕೂಡಿ ಹೊರಮೈಯೊಂದರಿಂದಲೇ ಹೊರಹೋಗಬೇಕು, ಆದುದರಿಂದ ಆ ಮೈ 5,500 ಡಿಗ್ರಿ ಸೆಲ್ಸಿಯಸ್ ಬಿಸಿಯಾಗಿದೆ.

ಸಿಡಿಯದಿರಲು ಇನ್ನೊಂದು ಕಾರಣವೂ ಇದೆ. ತಿರುಳಿನಲ್ಲಿ ಬೆಸುಗೆ ಸ್ವಲ್ಪ ಹೆಚ್ಚಿದರೆ ಒತ್ತಡ ಹೆಚ್ಚಿ ತಿರುಳು ಹಿಗ್ಗುತ್ತದೆ, ಹಿಗ್ಗಿದಾಗ ತಣಿಯುತ್ತದೆ, ತಣಿದಾಗ ಬೆಸುಗೆ ಇಳಿಯುತ್ತದೆ. ಕಡಿಮೆಯಾದರೆ ಮೇಲಿನ ಭಾರ ತಿರುಳನ್ನು ಕುಗ್ಗಿಸಿ ಮತ್ತೆ ಬಿಸಿ ಮಾಡುತ್ತದೆ. ಗುರುತ್ವವೇ ಅಲ್ಲಿ ಉರಿ ಹೆಚ್ಚುಕಡಿಮೆ ಮಾಡುವ ಕೈ.

ಇಂದು ನಮಗೆ ಕಾಣುವ ಬೆಳಕು ಇಂದೇ ಹುಟ್ಟಿದ್ದೇ?

ಸೂರ್ಯನ ಮೈಯಿಂದ ನಮ್ಮ ಅಂಗಳದವರೆಗಿನ 15 ಕೋಟಿ ಕಿಲೋಮೀಟರನ್ನು ಬೆಳಕು 8 ನಿಮಿಷ 20 ಸೆಕೆಂಡಿನಲ್ಲಿ ದಾಟುತ್ತದೆ. ಒಳಗಿನ ಪಯಣ ಬೇರೆ. ತಿರುಳಿನಲ್ಲಿ ದ್ರವ್ಯ ನೀರಿನ 150 ಪಟ್ಟು ಸಾಂದ್ರವಾಗಿದೆ. ಅಲ್ಲಿ ಹುಟ್ಟಿದ ಕಿರಣ ಕೂದಲೆಳೆಯಷ್ಟು ದೂರ ಹೋಗುವುದರೊಳಗೆ ಕಣವೊಂದಕ್ಕೆ ತಾಗಿ ದಿಕ್ಕು ಬದಲಿಸುತ್ತದೆ ಇಲ್ಲವೇ ಹೀರಲ್ಪಟ್ಟು ಬೇರೆ ಕಿರಣವಾಗಿ ಹೊರಡುತ್ತದೆ. ಜಾತ್ರೆಯ ನೂಕುನುಗ್ಗಲಿನಲ್ಲಿ ಸಿಕ್ಕವರಂತೆ ತಡವರಿಸುತ್ತ ಶಕ್ತಿಯು ತ್ರಿಜ್ಯದ ಶೇ 70ರಷ್ಟು ದೂರ ಹೀಗೆಯೇ ಬರುತ್ತದೆ. ಉಳಿದ ಶೇ 30ರಲ್ಲಿ, ಕುದಿಯುವ ಅಂಬಲಿಯಂತೆ, ಬಿಸಿ ಪ್ಲಾಸ್ಮಾ ಮೇಲೇರಿ ತಣ್ಣಗಾದದ್ದು ಕೆಳಗಿಳಿಯುತ್ತದೆ. ಒಟ್ಟು ಅವಧಿಯ ಅಂದಾಜುಗಳು ಹತ್ತಾರು ಸಾವಿರ ವರ್ಷಗಳಿಂದ ಲಕ್ಷ ವರ್ಷಕ್ಕೂ ಮೇಲಿವೆ.

## ಸಾಕ್ಷ್ಯದ ಪ್ರಶ್ನೆಗಳು

ಶಹಾಬಾದ್ ಪರಸಿಗೂ ಸೂರ್ಯಗೂ ಏನ್ ಸಂಬಂಧ ಅದರಿ?

ಒಂದು ಶಾಲೆಯಲ್ಲಿ ನಾನು ಸುಮ್ಮನೆ ಆಡಿದ ಮಾತಿನಿಂದ ಹುಟ್ಟಿದ ಪ್ರಶ್ನೆಯಿದು, ಆಮೇಲೆ ಎಲ್ಲ ಕಡೆ ಕೇಳತೊಡಗಿದರು. ಸಂಬಂಧ ಬಹಳ ಆಳವಾದದ್ದು.

ಹತ್ತೊಂಬತ್ತನೆಯ ಶತಮಾನದಲ್ಲಿ ಸೂರ್ಯನ ಶಕ್ತಿಗೆ ಎರಡು ವಿವರಣೆಗಳಿದ್ದವು. ಅವನು ಪೂರ್ತಿ ಕಲ್ಲಿದ್ದಲಿನಿಂದ ಆಗಿದ್ದರೆ ಈಗಿನ ಹೊಳಪಿನಲ್ಲಿ ಐದಾರು ಸಾವಿರ ವರ್ಷಗಳಲ್ಲಿ ಮುಗಿದು ಬೂದಿಯಾಗುತ್ತಿದ್ದ ಎಂಬ ಲೆಕ್ಕದಿಂದ ಮೊದಲ ವಿವರಣೆ ಬಿದ್ದುಹೋಯಿತು. ಹೆಲ್ಮ್‌ಹೋಲ್ಟ್ಸ್ ಮತ್ತು ಕೆಲ್ವಿನ್ ಮುಂದಿಟ್ಟ ಎರಡನೆಯದು ಗಟ್ಟಿಯಾಗಿತ್ತು: ಸೂರ್ಯ ತನ್ನ ಭಾರಕ್ಕೆ ತಾನೇ ನಿಧಾನವಾಗಿ ಕುಗ್ಗುತ್ತಿದ್ದಾನೆ, ಆ ಕುಗ್ಗುವಿಕೆಯೇ ಶಾಖವಾಗುತ್ತಿದೆ. ಇದರಿಂದ ಈಗಿನ ಹೊಳಪು ಸುಮಾರು 3 ಕೋಟಿ ವರ್ಷ ನಡೆಯಬಹುದು. ಸೂರ್ಯ ಭೂಮಿಯನ್ನು ಬೆಳಗುತ್ತ 10 ಕೋಟಿ ವರ್ಷ ಕಳೆದಿರಲಾರವು, 50 ಕೋಟಿಯಂತೂ ಬಹುತೇಕ ಖಂಡಿತ ಸಾಧ್ಯವಿಲ್ಲ ಎಂದು ಕೆಲ್ವಿನ್ 1862ರಲ್ಲಿ ಬರೆದರು.

ಈಗ ನಮ್ಮ ಕಾಲ ಕೆಳಗೆ ನೋಡೋಣ. ಕಲಬುರಗಿಯ ಎರೆಮಣ್ಣು ಯಾವ ಕರಿಕಲ್ಲು ಸವೆದು ಆದದ್ದೋ ಆ ದಖ್ಖನ್ ಲಾವಾ ಹರಿದದ್ದು ಸುಮಾರು 6.6 ಕೋಟಿ ವರ್ಷಗಳ ಹಿಂದೆ. ಕುಗ್ಗುವಿಕೆಯ 3 ಕೋಟಿಯನ್ನು ಅದೊಂದೇ ಮೀರುತ್ತದೆ. ಆ ಲಾವಾದ ಅಡಿಗಿರುವ ಶಹಾಬಾದ್, ವಾಡಿ, ಚಿತ್ತಾಪುರ, ಸೇಡಂ ಕಡೆಯ ಸುಣ್ಣಕಲ್ಲು ಅದಕ್ಕಿಂತ ಎಷ್ಟೋ ಹಳೆಯದು, 50 ಕೋಟಿ ವರ್ಷಗಳನ್ನೂ ಮೀರಿದ್ದು. ಮನೆಗೆ ಹಾಸುವ ಆ ನುಣುಪು ಪರಸಿ, ಒಂದು ಕಾಲಕ್ಕೆ ಆಳವಿಲ್ಲದ ಕಡಲಿನ ತಳದಲ್ಲಿ ಪದರ ಪದರವಾಗಿ ಕುಳಿತ ಸುಣ್ಣದ ಕೆಸರು. ಕಡಲು ಹೆಪ್ಪುಗಟ್ಟದೆ ನೀರಾಗಿಯೇ ಇರಬೇಕಾದರೆ ಆಗಲೂ ಸೂರ್ಯ ಬೆಳಗುತ್ತಿರಬೇಕು. ವಿಕಿರಣಶೀಲತೆಯಿಂದ ಬಂಡೆಗಳ ವಯಸ್ಸು ಅಳೆಯುವ ದಾರಿ ಇಪ್ಪತ್ತನೆಯ ಶತಮಾನದ ಮೊದಲಲ್ಲಿ ತೆರೆದಾಗ ಭೂಮಿ ಕೆಲ್ವಿನ್ ಲೆಕ್ಕಕ್ಕಿಂತ ಬಹಳ ಹಿರಿಯದೆಂದು ತಿಳಿಯಿತು, ಕುಗ್ಗುವಿಕೆಯ ವಾದ ಅಲ್ಲಿಗೆ ನಿಂತಿತು. ಉಲ್ಕಾಶಿಲೆಗಳಿಂದ ಇಂದು ಸಿಗುವ ವಯಸ್ಸು 457 ಕೋಟಿ ವರ್ಷದ ಸುಮಾರು. ಅಷ್ಟು ಕಾಲ ನಡೆಯಬಲ್ಲ ಇಂಧನ ಬೈಜಿಕ ಸಮ್ಮಿಲನವೊಂದೇ.

ಹೀಲಿಯಂ ಮೊದಲು ಸೂರ್ಯನಲ್ಲಿ ಸಿಕ್ಕಿದ್ದು ನಮ್ಮ ಸೀಮೆಯಲ್ಲೇ ಎನ್ನುವುದು ನಿಜವೇ?

ಹತ್ತಿರದ ಮಾತು. 1868ರ ಆಗಸ್ಟ್ 18ರ ಪೂರ್ಣ ಸೂರ್ಯಗ್ರಹಣವನ್ನು ನೋಡಲು ವೀಕ್ಷಕರು ಜಮಖಂಡಿಯಲ್ಲೂ ಗುಂಟೂರಿನಲ್ಲೂ ಬೀಡುಬಿಟ್ಟಿದ್ದರು; ಆ ಎರಡು ಊರುಗಳ ನಡುವೆ ಗೆರೆಯೆಳೆದರೆ ಅದು ಯಾದಗಿರಿ ಸೀಮೆಯ ಪಕ್ಕದಲ್ಲೇ ಹಾಯುತ್ತದೆ. ಗುಂಟೂರಿನಲ್ಲಿದ್ದವರು ಫ್ರಾನ್ಸಿನ ಜೂಲ್ಸ್ ಜಾನ್ಸೆನ್. ಸೂರ್ಯನ ಅಂಚಿನ ಜ್ವಾಲೆಗಳ ರೋಹಿತದಲ್ಲಿ, ಅಂದರೆ ಬಣ್ಣಗಳಾಗಿ ಬಿಡಿಸಿದ ಬೆಳಕಿನಲ್ಲಿ, ಆಗ ಕಂಡ ಹಳದಿ ಗೆರೆ ಸೋಡಿಯಂನದಲ್ಲ ಎಂದು ಅದೇ ವರ್ಷ ಇಂಗ್ಲೆಂಡಿನಲ್ಲಿ ನಾರ್ಮನ್ ಲಾಕ್ಯರ್ ಗುರುತಿಸಿದರು. ಅದು ಹೀಲಿಯಂನ ಗೆರೆಯಾಗಿತ್ತು. ಭೂಮಿಯ ಮೇಲೆ ಹೀಲಿಯಂ ಸಿಕ್ಕಿದ್ದು 1895ರಲ್ಲಿ, ವಿಲಿಯಂ ರಾಮ್ಸೆ ಅವರಿಗೆ.

ಒಳಗ ಹೋಗಿ ಯಾರೂ ನೋಡಿಲ್ಲ. ಮತ್ತ ಇಷ್ಟು ಗಟ್ಟಿ ಹ್ಯಾಂಗ ಹೇಳ್ತೀರಿ?

ಒಳಗಿನಿಂದ ನೇರವಾಗಿ ಹೊರಬರುವ ಸಾಕ್ಷಿಯೊಂದಿದೆ: ನ್ಯೂಟ್ರಿನೋ. ಬೆಳಕು ಸಾವಿರಾರು ವರ್ಷ ತಡವರಿಸುವ ದಾರಿಯನ್ನು ನ್ಯೂಟ್ರಿನೋ ಎರಡೇ ಸೆಕೆಂಡಿನಲ್ಲಿ ದಾಟುತ್ತದೆ. ನಿಮ್ಮ ಹೆಬ್ಬೆರಳಿನ ಉಗುರಿನಷ್ಟು ಜಾಗದ ಮೂಲಕ ಪ್ರತಿ ಸೆಕೆಂಡಿಗೆ ಸುಮಾರು 6,500 ಕೋಟಿ ಸೌರ ನ್ಯೂಟ್ರಿನೋಗಳು ಹಾದುಹೋಗುತ್ತವೆ, ರಾತ್ರಿಯಲ್ಲೂ ಸಹ, ಆಗ ಭೂಮಿಯನ್ನೇ ತೂರಿಕೊಂಡು ಕೆಳಗಿನಿಂದ ಬರುತ್ತವೆ.

ಅವನ್ನು ಹಿಡಿಯುವುದು ಕಷ್ಟ. ಅಮೆರಿಕದ ಹೋಮ್‌ಸ್ಟೇಕ್ ಚಿನ್ನದ ಗಣಿಯ ಆಳದಲ್ಲಿ ರೇಮಂಡ್ ಡೇವಿಸ್ ಸುಮಾರು 3.8 ಲಕ್ಷ ಲೀಟರ್ ಕ್ಲೋರಿನ್ ಇರುವ ದ್ರವದ ತೊಟ್ಟಿಯಿಟ್ಟು 1960ರ ದಶಕದ ಕೊನೆಯಿಂದ ಎಣಿಸತೊಡಗಿದರು. ಸಿಕ್ಕದ್ದು ನಿರೀಕ್ಷೆಯ ಮೂರನೇ ಒಂದು ಪಾಲು. ಮೂವತ್ತು ವರ್ಷಗಳ ಕಾಲ ಈ ಕೊರತೆ ಬಗೆಹರಿಯಲಿಲ್ಲ. ಲೆಕ್ಕ ತಪ್ಪೋ, ಪ್ರಯೋಗ ತಪ್ಪೋ ಎಂದು ಎಲ್ಲರೂ ಹುಡುಕಿದರು. ಕೊನೆಗೆ ಕೆನಡಾದ ಸಡ್ಬರಿ ಗಣಿಯಲ್ಲಿ ಸಾವಿರ ಟನ್ ಭಾರಜಲ ಬಳಸಿದ ಪ್ರಯೋಗವು 2001–02ರಲ್ಲಿ ಉತ್ತರ ಕೊಟ್ಟಿತು: ನ್ಯೂಟ್ರಿನೋಗಳು ದಾರಿಯಲ್ಲಿ ಒಂದು ಬಗೆಯಿಂದ ಇನ್ನೊಂದು ಬಗೆಗೆ ಮಾರ್ಪಡುತ್ತವೆ, ಡೇವಿಸರ ತೊಟ್ಟಿಗೆ ಕಾಣುತ್ತಿದ್ದುದು ಒಂದೇ ಬಗೆ. ಮೂರೂ ಬಗೆ ಕೂಡಿಸಿದಾಗ ಸೂರ್ಯನ ಲೆಕ್ಕ ಸರಿಹೋಯಿತು. ಡೇವಿಸ್ 2002ರಲ್ಲೂ, ಸಡ್ಬರಿಯ ಆರ್ಥರ್ ಮೆಕ್‌ಡೊನಾಲ್ಡ್ 2015ರಲ್ಲೂ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಪಡೆದರು. ನ್ಯೂಟ್ರಿನೋ ಶೋಧದಲ್ಲಿ ಕರ್ನಾಟಕದ ಹೆಸರೂ ಇದೆ: ವಾಯುಮಂಡಲದಲ್ಲಿ ಹುಟ್ಟುವ ನ್ಯೂಟ್ರಿನೋಗಳನ್ನು 1965ರಲ್ಲಿ ಮೊದಲ ಸಲ ಕಂಡ ಜಾಗಗಳಲ್ಲಿ ನಮ್ಮ ಕೋಲಾರದ ಚಿನ್ನದ ಗಣಿಯೂ ಒಂದು.

ಇದಲ್ಲದೆ ಸೂರ್ಯನ ಮೈ ಗಂಟೆಯಂತೆ ಕಂಪಿಸುತ್ತದೆ, ಸುಮಾರು ಐದು ನಿಮಿಷಕ್ಕೊಮ್ಮೆ. ಭೂಕಂಪದ ಅಲೆಗಳಿಂದ ಭೂಮಿಯ ಒಡಲನ್ನು ತಿಳಿಯುವಂತೆ ಈ ಕಂಪನಗಳಿಂದ ಸೂರ್ಯನ ಒಳಗಿನ ಸಾಂದ್ರತೆಯನ್ನೂ ಕಾವನ್ನೂ ಲೆಕ್ಕ ಹಾಕುತ್ತಾರೆ.

ಆದಿತ್ಯ-ಎಲ್1 ಈ ಶಕ್ತಿಯ ಮೂಲವನ್ನೇ ನೋಡುತ್ತಿದೆಯೇ?

ಇಲ್ಲ, ಅದರ ಗುರಿ ಹೊರಪದರಗಳು. 2023ರ ಸೆಪ್ಟೆಂಬರ್ 2ರಂದು ಹಾರಿದ ಭಾರತದ ಈ ಸೂರ್ಯ ವೀಕ್ಷಣಾ ನೌಕೆ 2024ರ ಜನವರಿ 6ರಂದು ಭೂಮಿಯಿಂದ 15 ಲಕ್ಷ ಕಿಲೋಮೀಟರ್ ದೂರದ ತನ್ನ ನೆಲೆಯನ್ನು ಸೇರಿತು. ಹೊರಮೈ 5,500 ಡಿಗ್ರಿಯಿದ್ದರೂ ಅದರ ಮೇಲಿನ ತೆಳುವಾದ ಕರೋನಾ ಹತ್ತು ಲಕ್ಷ ಡಿಗ್ರಿ ದಾಟುವುದೇಕೆ ಎಂಬುದು ಅದರ ಮುಂದಿರುವ ಪ್ರಶ್ನೆಗಳಲ್ಲೊಂದು. ಅಲ್ಲಿ ಕೆಲಸ ಮಾಡುವುದು ಕಾಂತಕ್ಷೇತ್ರ. ಸಮ್ಮಿಲನ ಅಲ್ಲಿ ನಡೆಯುವುದಿಲ್ಲ.

## ಇನ್ನೂ ಮುಂದಕ್ಕೆ

ಹೈಡ್ರೋಜನ್ ಮುಗದ ಮ್ಯಾಲ ಏನಾಗ್ತದ್ರಿ?

ತಿರುಳಿನ ಹೈಡ್ರೋಜನ್ ಇನ್ನೂ ಸುಮಾರು 500 ಕೋಟಿ ವರ್ಷಕ್ಕೆ ಸಾಲುತ್ತದೆ. ಆಮೇಲೆ ಸೂರ್ಯ ಉಬ್ಬಿ ಕೆಂಪು ದೈತ್ಯನಾಗಿ, ಹೀಲಿಯಂ ಅನ್ನು ಕಾರ್ಬನ್ ಮತ್ತು ಆಕ್ಸಿಜನ್ ಆಗಿ ಬೆಸೆದು, ಹೊರಪದರಗಳನ್ನು ಕಳಚಿ, ಭೂಮಿಯಷ್ಟು ಗಾತ್ರದ ಬಿಳಿ ಕುಬ್ಜನಾಗಿ ಉಳಿಯುತ್ತಾನೆ. ಸೂಪರ್‌ನೋವಾ ಆಗಿ ಸಿಡಿಯುವಷ್ಟು ದ್ರವ್ಯರಾಶಿ ಅವನಿಗಿಲ್ಲ. ಆದರೆ ಭೂಮಿಗೆ ತೊಂದರೆ ಅದಕ್ಕಿಂತ ಮೊದಲೇ ಬರುತ್ತದೆ. ಹೀಲಿಯಂ ಸೇರಿದಷ್ಟೂ ತಿರುಳು ಕುಗ್ಗಿ ಬಿಸಿಯೇರುವುದರಿಂದ ಸೂರ್ಯ ಹುಟ್ಟಿದಾಗಿಗಿಂತ ಈಗ ಹೆಚ್ಚು ಹೊಳೆಯುತ್ತಿದ್ದಾನೆ. ಆಗ ಈಗಿನ ಶೇ 70ರಷ್ಟಿದ್ದ ಹೊಳಪು ಇನ್ನು 100 ಕೋಟಿ ವರ್ಷದಲ್ಲಿ ಮತ್ತೆ ಶೇ 10ರಷ್ಟು ಏರುತ್ತದೆ. ಕಡಲುಗಳು ಆವಿಯಾಗತೊಡಗಲು ಅಷ್ಟು ಸಾಕೆಂದು ಅಂದಾಜು.

ಕಾರ್ಬನ್ ಚಕ್ರ ಎಂದೂ ಒಂದಿದೆಯಲ್ಲ, ಅದು ಸೂರ್ಯನಲ್ಲಿ ನಡೆಯುವುದಿಲ್ಲವೇ?

ನಡೆಯುತ್ತದೆ, ಶೇ 1ರಷ್ಟು. ಅದರಲ್ಲಿ ಕಾರ್ಬನ್, ನೈಟ್ರೋಜನ್, ಆಕ್ಸಿಜನ್ ಬೀಜಗಳು ಹಾಲಿಗೆ ಹಾಕಿದ ಹೆಪ್ಪಿನಂತೆ ಕೆಲಸ ನಡೆಸಿಕೊಟ್ಟು ತಾವು ಕೊನೆಗೆ ಮರಳಿ ಸಿಗುತ್ತವೆ, ಫಲ ಮಾತ್ರ ಅದೇ ಹೀಲಿಯಂ. ಕಾವು ಏರಿದಂತೆ ಈ ಚಕ್ರ ಬಹಳ ಬೇಗ ಬಲಿಯುವುದರಿಂದ ಸೂರ್ಯನಿಗಿಂತ ತುಸು ಭಾರವಾದ ನಕ್ಷತ್ರಗಳಲ್ಲಿ ಇದೇ ಮುಖ್ಯ ಮೂಲ. ಸೂರ್ಯನಲ್ಲಿ ಇದು ನಡೆಯುತ್ತಿರುವುದನ್ನು ಇಟಲಿಯ ಬೊರೆಕ್ಸಿನೋ ಪ್ರಯೋಗ 2020ರಲ್ಲಿ ನ್ಯೂಟ್ರಿನೋಗಳಿಂದ ಖಚಿತಪಡಿಸಿತು.

ನಾವೂ ಇಲ್ಲಿ ಸೂರ್ಯನಂತೆ ವಿದ್ಯುತ್ ಮಾಡಬಹುದಲ್ಲವೇ?

ಸೂರ್ಯನಂತೆಯೇ ಮಾಡಹೋದರೆ ತಿಪ್ಪೆಯಷ್ಟೇ ಶಾಖ ಸಿಗುತ್ತದೆ. ಅದಕ್ಕಾಗಿ ಪ್ರಯೋಗಾಲಯಗಳು ಬೇಗ ಬೆಸೆಯುವ ಡ್ಯೂಟೀರಿಯಂ ಮತ್ತು ಟ್ರಿಟಿಯಂ ಆರಿಸಿಕೊಂಡಿವೆ. ಸೂರ್ಯನ ತಿರುಳಿನ ಒತ್ತಡ ನಮ್ಮಲ್ಲಿ ಸಾಧ್ಯವಿಲ್ಲದ್ದರಿಂದ ಹತ್ತು ಪಟ್ಟು ಹೆಚ್ಚು ಕಾವು, 15 ಕೋಟಿ ಡಿಗ್ರಿಯ ಸುಮಾರು, ಬೇಕಾಗುತ್ತದೆ. ಫ್ರಾನ್ಸಿನಲ್ಲಿ ಕಟ್ಟುತ್ತಿರುವ ಐಟಿಇಆರ್ ಯಂತ್ರದಲ್ಲಿ ಭಾರತವೂ ಪಾಲುದಾರ, ಗುಜರಾತಿನ ಪ್ಲಾಸ್ಮಾ ಸಂಶೋಧನಾ ಸಂಸ್ಥೆ ಇಲ್ಲಿನ ಕೆಲಸ ನೋಡಿಕೊಳ್ಳುತ್ತಿದೆ. 2022ರ ಡಿಸೆಂಬರಿನಲ್ಲಿ ಅಮೆರಿಕದ ಲೇಸರ್ ಪ್ರಯೋಗವೊಂದರಲ್ಲಿ ಇಂಧನದ ಗುಳಿಗೆಗೆ ತಾಗಿಸಿದ 2.05 ಮೆಗಾಜೂಲ್ ಶಕ್ತಿಗೆ ಪ್ರತಿಯಾಗಿ 3.15 ಮೆಗಾಜೂಲ್ ಹೊರಬಂದಿತು. ಲೇಸರ್ ನಡೆಸಲು ಹಿಡಿದ ವಿದ್ಯುತ್ತು ಅದಕ್ಕಿಂತ ಎಷ್ಟೋ ಹೆಚ್ಚಾಗಿತ್ತು.

ಎರಡು ಪ್ರೋಟಾನುಗಳು ಸೇರಿ ಡ್ಯೂಟೀರಿಯಂ ಆಗುವ ಆ ಮೊದಲ ಹೆಜ್ಜೆಯ ವೇಗವನ್ನಂತೂ ಯಾವ ಪ್ರಯೋಗಾಲಯದಲ್ಲೂ ನೇರವಾಗಿ ಅಳೆಯಲಾಗಿಲ್ಲ, ಅಷ್ಟು ಅಪರೂಪದ ಘಟನೆಯದು. ಅದರ ವೇಗ ನಮಗೆ ಗೊತ್ತಿರುವುದು ಸಿದ್ಧಾಂತದ ಲೆಕ್ಕದಿಂದ. ಆ ಹೆಜ್ಜೆಯಲ್ಲೇ ಹುಟ್ಟಿದ ನ್ಯೂಟ್ರಿನೋಗಳನ್ನು ಬೊರೆಕ್ಸಿನೋ 2014ರಲ್ಲಿ ಎಣಿಸಿದಾಗ, ಸಿಕ್ಕ ಸಂಖ್ಯೆ ಆ ಲೆಕ್ಕಕ್ಕೆ ಸರಿಹೊಂದಿತು.